ಮುಂದಿನ ಗಾಲಿಯ ಮಾಮಾ

ನಮ್ಮ ಮಾಮಾ ಮೂವತ್ತು ವರ್ಷಗಳಿಂದ ಯಾರನ್ನೂ, ಯಾವುದನ್ನೂ, ಒಮ್ಮೆಯೂ ತಳ್ಳಿಲ್ಲ. ಇದನ್ನು ಕೇಳಿ ‘ಆಹಾ, ಎಂಥ ಸಾಧು ಮನುಷ್ಯ’ ಎಂದು ನೀವು ಕೈ ಮುಗಿಯಲು ಹೊರಟರೆ ದಯವಿಟ್ಟು ಒಂದು ನಿಮಿಷ ತಡೆಯಿರಿ. ಸಾಧುತನಕ್ಕೂ ನಮ್ಮ ಮಾಮಾಗೂ ಅಜಗಜಾಂತರ! ತಳ್ಳುವುದು ಎಂಜಿನಿಯರಿಂಗ್ ಪ್ರಕಾರ ತಪ್ಪು, ಎಳೆಯುವುದೇ ಸರಿ ಎಂಬುದು ಅವರ ಸಿದ್ಧಾಂತ, ಅಷ್ಟೇ. ಬ್ಯಾಂಕಿನ ಗಾಜಿನ ಬಾಗಿಲ ಮೇಲೆ ‘ತಳ್ಳಿ’ ಎಂದು ಬರೆದಿದ್ದರೆ ಅವರು ಹೊರಗೇ ನಿಲ್ಲುತ್ತಾರೆ. ಒಳಗಿದ್ದವರು ಯಾರಾದರೂ ಬಾಗಿಲು ಎಳೆದುಕೊಂಡು ಹೊರಗೆ ಬರುವಾಗ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತಾರೆ. ಬ್ಯಾಂಕಿಗೆ ಹೋದವರು ಊಟದ ಹೊತ್ತಾದರೂ ಬರದಿದ್ದರೆ ಮನೆಯಲ್ಲಿ ಯಾರಿಗೂ ಗಾಬರಿಯಿಲ್ಲ. “ಬಾಗಲಾ ಕಾಯ್ಲತ್ತಿರಬೇಕು” ಎಂದು ಮಾಮಿ ರೊಟ್ಟಿ ಮುಚ್ಚಿಡುತ್ತಾರೆ.

ಸಿದ್ಧಾಂತವನ್ನು ತಮ್ಮಷ್ಟಕ್ಕೆ ಇಟ್ಟುಕೊಂಡಿದ್ದರೆ ಲೋಕಕ್ಕೆ ಏನೂ ತೊಂದರೆಯಿರಲಿಲ್ಲ. ಬೀದರಿನ ಬಸ್ ನಿಲ್ದಾಣದ ಹತ್ತಿರ ಬಾಳೆಹಣ್ಣು ಮಾರುವವನೊಬ್ಬನಿಗೆ “ಗಾಡಿ ದಬ್ಬಬ್ಯಾಡೋ, ಮುಂದ ನಿಂತು ಎಳಿ. ಅರ್ಧಾ ದಣಿವು ಕಡಿಮಿ ಆಗ್ತದ” ಎಂದು ಒಂದು ವಾರ ಪಾಠ ಮಾಡಿದರು. ಪಾಪ, ಅವನು ಒಪ್ಪಿ ಎಳೆದ. ದಣಿವು ಕಡಿಮೆಯಾಯಿತೋ ಇಲ್ಲವೋ ಗೊತ್ತಿಲ್ಲ, ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಕಾಣದೆ ಎರಡು ಎಮ್ಮೆಗಳು ಗಾಂಧಿಗಂಜ್ ಮಾರುಕಟ್ಟೆಯ ತನಕ ಅವನ ಹಣ್ಣು ತಿನ್ನುತ್ತ ಜೊತೆಗೇ ಬಂದವು. ಅಂದಿನಿಂದ ಅವನು ಮಾಮಾನನ್ನು ಕಂಡರೆ ಗಾಡಿ ತಿರುಗಿಸಿಕೊಂಡು ಬೇರೆ ಓಣಿ ಹಿಡಿಯುತ್ತಾನೆ.

ಇನ್ನೊಮ್ಮೆ ಔರಾದ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಜನವೆಲ್ಲ ಇಳಿದು ಹಿಂದೆ ಹೋಗಿ ದಬ್ಬುತ್ತಿದ್ದರೆ ಮಾಮಾ ಒಬ್ಬರೇ ಮುಂದೆ ಹೋಗಿ, ಬಂಪರಿಗೆ ತಮ್ಮ ಟವೆಲ್ಲು ಕಟ್ಟಿ ಎಳೆಯತೊಡಗಿದರು. ಬಸ್ಸು ಚಾಲೂ ಆಯಿತು. ಮಾಮಾ ಜಾಲಿಕಂಟಿಯಲ್ಲಿ ಹಾರಿ ಬಿದ್ದರು. ಕಂಡಕ್ಟರು ಓಡಿ ಬಂದು ಎಬ್ಬಿಸಿದರೆ ಮೈಗೆ ಚುಚ್ಚಿದ ಮುಳ್ಳು ಕೀಳುತ್ತ, “ನೋಡಿದ್ರಿಲ್ರಿ? ಅಷ್ಟು ಮಂದಿ ದಬ್ಬಿದ್ರೂ ಆಗಿದ್ದಿಲ್ಲ. ನಾ ಜರಾ ಎಳದೆ, ಆಯ್ತು” ಎಂದರಂತೆ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಬೀದರಿನ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಕೆಲಸ ಮಾಡಿ ನಿವೃತ್ತರಾದವರು. ನಾನು ಭಾಲ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವವಳು. ವಾರಕ್ಕೊಮ್ಮೆ ಬೀದರಿಗೆ ಬಂದು ಮಾಮಿಯ ಕೈಯ ಬಿಸಿ ರೊಟ್ಟಿಯನ್ನೂ ಮಾಮಾನ ಸಿದ್ಧಾಂತವನ್ನೂ ಒಟ್ಟಿಗೆ ನುಂಗಿ ಹೋಗುತ್ತೇನೆ. ಆ ಸಿದ್ಧಾಂತ ಬಾಯಲ್ಲೇ ಉಳಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಮಾಮಾ ಅದರಿಂದ ಒಂದು ಗಾಡಿ ಮಾಡಿದರು. ಅಂಥಿಂಥ ಗಾಡಿಯಲ್ಲ, ರೇಸ್ ಕಾರು! ತೊಂಬತ್ತು ವರ್ಷದ ಹಿಂದೆ ಪರದೇಶದಲ್ಲಿ ಓಡುತ್ತಿದ್ದಂಥ, ಮುಂದಿನ ಗಾಲಿಗಳು ಎಳೆದುಕೊಂಡು ಹೋಗುವ ರೇಸ್ ಕಾರು. ಅದಕ್ಕೆ ಎರಡೇ ಸೀಟು. ಒಂದರಲ್ಲಿ ಮಾಮಾ ಕೂರುತ್ತಾರೆ. ಇನ್ನೊಂದು ಒಂಬತ್ತು ವರ್ಷ ಖಾಲಿಯಿತ್ತು. ಅದು ಮಾಮಿಯ ಸೀಟು, ಮಾಮಿ ಅದರಲ್ಲಿ ಕೂರಲು ಒಲ್ಲೆ ಎಂದಿದ್ದರು, ಬೇರೆ ಯಾರನ್ನೂ ಕೂರಿಸಲು ಮಾಮಾ ಒಲ್ಲೆ ಎಂದಿದ್ದರು. ಈ ಕಥೆಯೆಲ್ಲ ಆ ಖಾಲಿ ಸೀಟಿನದ್ದೇ. ಆದರೆ ಮೊದಲು ಗಾಡಿ ತಯಾರಾಗಬೇಕಲ್ಲ!

ಮೂವತ್ತು ವರ್ಷದ ಹಿಂದೆ ಮಾಮಾ ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಮಿರ್ಚಿ ಭಜಿ ತಿನ್ನುತ್ತಿದ್ದರು. ಭಜಿ ಕಟ್ಟಿಕೊಟ್ಟ ಕಾಗದ ಯಾವುದೋ ಇಂಗ್ಲಿಷ್ ಮೋಟಾರು ಪತ್ರಿಕೆಯ ಹಾಳೆ. ರದ್ದಿ ಅಂಗಡಿಗೆ ಅದು ಹೇಗೆ ಬಂತೋ ದೇವರೇ ಬಲ್ಲ. ಹಾಳೆಯಲ್ಲಿ ಒಂದು ಹಳೇ ರೇಸ್ ಕಾರನ್ನು ಹೊಟ್ಟೆ ಸೀಳಿ ತೋರಿಸಿದಂಥ ಚಿತ್ರ. ಎಲ್ಲ ಕಾರಿನಲ್ಲೂ ಎಂಜಿನ್ನಿನಿಂದ ಒಂದು ಉದ್ದನೆಯ ಸಲಾಕಿ ಕೆಳಗಿನಿಂದ ಹಾಯ್ದು ಹಿಂದಿನ ಗಾಲಿ ತಿರುಗಿಸುತ್ತಿದ್ದ ಕಾಲ ಅದು. ಈ ಕಾರಿನಲ್ಲಿ ಆ ಸಲಾಕಿಯೇ ಇಲ್ಲ! ಎಂಜಿನ್ನು ಹಿಂದುಮುಂದಾಗಿ ಕೂತಿದೆ, ಅದರ ಮುಂದೆ ಗೇರ್ ಬಾಕ್ಸು, ಅಲ್ಲಿಂದ ಮುಂದಿನ ಎರಡು ಗಾಲಿಗೆ ಎರಡು ತೋಳು. ಸಲಾಕಿ ಇಲ್ಲದ್ದರಿಂದ ಸೀಟು ನೆಲಕ್ಕೆ ಹತ್ತಿದಂತಿದೆ. ಗಾಡಿ ಹಾವಿನ ಹಾಗೆ ತಗ್ಗಿ ಹರಿಯುತ್ತದೆ, ತಿರುವಿನಲ್ಲಿ ಮುಂದಿನ ಗಾಲಿಯೇ ಮೈಯನ್ನು ಎಳೆದುಕೊಂಡು ಹೋಗುತ್ತದೆ. ಮಾಮಾ ಅರ್ಧ ತಿಂದ ಭಜಿ ಕೈಯಲ್ಲೇ ಹಿಡಿದು ನಿಂತುಬಿಟ್ಟರು.

“ಎತ್ತು ಎಲ್ಲಿರ್ತದ ಹೇಳು. ಗಾಡಿ ಮುಂದ. ಯಾವ ರೈತ ಎತ್ತು ಹಿಂದ ಕಟ್ಟಿ ಗಾಡಿ ದಬ್ಬಿಸ್ಯಾನ? ನಮ್ಮ ಮಂದಿಗೆ ಮೊದ್ಲೇ ತಿಳಿದದ್ದು ಮೋಟಾರ್ ಮಾಡಾವ್ರಿಗೆ ಇಷ್ಟು ತಡಾ ಆಗಿ ಯಾಕ ತಿಳೀತು?” ಎಂದು ಅವರು ಇಂದಿಗೂ ಕೇಳುತ್ತಾರೆ. ಉತ್ತರ ಹೇಳಬೇಕಾದವರು ಯಾರೂ ಬೀದರಿನಲ್ಲಿ ಇಲ್ಲ.

ಆದರೆ ಆ ಚಿತ್ರದಲ್ಲಿ ಒಂದು ಕೊರತೆಯಿತ್ತು. ಮುಂದಿನ ಗಾಲಿ ಎರಡು ಕೆಲಸ ಮಾಡಬೇಕು: ಗಾಡಿಯನ್ನು ಎಳೆಯಲೂ ಬೇಕು, ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. ಅಂದರೆ ಆ ತೋಳಿಗೆ ಮೊಣಕೈಯಂಥ ಒಂದು ಕೀಲು ಬೇಕು. ಇಡೀ ಗಾಡಿಯ ಗುಟ್ಟು ಆ ಕೀಲಿನಲ್ಲಿದೆ. ಚಿತ್ರದಲ್ಲಿ ಸರಿಯಾಗಿ ಆ ಜಾಗಕ್ಕೇ ಬಿಸಿ ಭಜಿ ಅಂಟಿಕೊಂಡಿತ್ತು. ಚಿತ್ರ ಕಣ್ಣಿಗೆ ಬೀಳುವ ಮೊದಲೇ ಮಾಮಾ ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡಿದ್ದರು, ಕಾಗದದ ಚೂರಿನ ಸಮೇತ. ಜಗತ್ತಿನಲ್ಲಿ ಎಂಜಿನಿಯರುಗಳು ಬೇಕಾದಷ್ಟು ಮಂದಿ ಇರಬಹುದು. ನಕಾಶೆಯ ಮುಖ್ಯ ಭಾಗವನ್ನೇ ತಿಂದು ಅರಗಿಸಿಕೊಂಡವರು ನಮ್ಮ ಮಾಮಾ ಒಬ್ಬರೇ ಇರಬೇಕು.

ಎಣ್ಣೆ ಹೀರಿದ ಆ ಹಾಳೆಯನ್ನು ಚೌಕಟ್ಟು ಹಾಕಿಸಿ ಬಸವಣ್ಣನವರ ಪಟದ ಪಕ್ಕ ತೂಗುಹಾಕಿದರು. ಗುಜರಿಗೆ ಬಿದ್ದ ಟ್ಯಾಕ್ಸಿಯಿಂದ ಎಂಜಿನ್ನು ಬಂತು, ಹಳೇ ಜೀಪಿನಿಂದ ಗೇರ್ ಬಾಕ್ಸು ಬಂತು, ಹಿತ್ತಲಲ್ಲಿ ತಗಡಿನ ಶೆಡ್ಡು ಎದ್ದಿತು. ಶೆಡ್ಡಿನ ಜಾಗದಲ್ಲಿದ್ದ ಕರಿಬೇವಿನ ಗಿಡ ಎಲ್ಲಿ ಹೋಯಿತೆಂದು ಮಾಮಿ ಕೇಳಿದಾಗ ಮಾಮಾ ಆ ವಾರವೆಲ್ಲ ಒಗ್ಗರಣೆ ಇಲ್ಲದ ಸಾರು ಉಂಡರು.

ಮೊದಲ ಸಲ ಗಾಡಿ ಚಾಲೂ ಮಾಡಿದ ದಿನ ನಾನೂ ಇದ್ದೆ, ಆಗಿನ್ನೂ ಲಂಗ ತೊಡುವ ವಯಸ್ಸು. ಗಾಡಿಗೆ ಮೈಯಿನ್ನೂ ಇರಲಿಲ್ಲ, ಬರೀ ಅಸ್ಥಿಪಂಜರ. ಮಾಮಾ ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದನೇ ಗೇರು ಹಾಕಿದರು. ಮುಂದೆ ನಿಂತು ಕೈ ಮುಗಿದಿದ್ದ ನಾವೆಲ್ಲ ಹಾಗೇ ನಿಂತಿದ್ದೆವು. ಗಾಡಿ ಮಾತ್ರ ನಮ್ಮಿಂದ ದೂರ ದೂರ ಓಡಿ ಹಿಂದಿನ ಬಚ್ಚಲುಮನೆಯ ಗೋಡೆ ಹಾಯ್ದು ಹಂಡೆಗೆ ಬಡಿದು ನಿಂತಿತು! ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಹಿಂದುಮುಂದಾಗಿ ತಿರುಗಿಸಿ ಕೂರಿಸಿದರೆ ಅದಕ್ಕೆ ಮುಂದೆ ಎನ್ನುವುದು ನಮಗೆ ಹಿಂದೆ ಆಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಗಾಡಿಗೆ ಹಿಂದೆ ಹೋಗಲು ಮೂರು ಗೇರು, ಮುಂದೆ ಬರಲು ಒಂದೇ! ಮಾಮಿ ಒಲೆಯ ಮುಂದಿನಿಂದಲೇ ಇಣುಕಿ, “ಜಳಕಾ ಮಾಡ್ಲಿಕ್ಕ ಹೊಂಟದೇನ್ರಿ ನಿಮ್ಮ ರೇಸ್ ಗಾಡಿ?” ಎಂದರು.

ಅದನ್ನು ಸರಿಪಡಿಸಿದವರು ಉಸ್ತಾದ್. ಕಾರ್ಖಾನೆಯಲ್ಲಿ ಮಾಮಾನ ಪಕ್ಕದ ಲೇತಿನ ಮೇಲೆ ಕೆಲಸ ಮಾಡುತ್ತಿದ್ದ ಹಿರಿಯರು. ಅವರ ಮನೆತನ ಎಷ್ಟೋ ತಲೆಮಾರಿನಿಂದ ಬೀದರಿನಲ್ಲೇ ಕಬ್ಬಿಣದ ಕೆಲಸ ಮಾಡಿಕೊಂಡು ಬಂದದ್ದು. ಒಳಗಿನ ದೊಡ್ಡ ಹಲ್ಲಿನ ಚಕ್ರವನ್ನು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ದಾಟಿಸಿದರು, ಗಾಡಿಗೆ ಮುಂದು ಹಿಂದು ತಿಳಿಯಿತು. ಆದರೆ ಮಾಮಾ ತಿಂದ ಕೀಲು? ಅದಕ್ಕೆ ಬದಲಾಗಿ ಮಾಮಾ ಜೀಪಿನಲ್ಲಿರುವಂಥ ಕೂಡಿಸುವ ಚಿಹ್ನೆಯ ಆಕಾರದ ‘ಕ್ರಾಸ್’ ಒಂದನ್ನು ಹಾಕಿದ್ದರು. ಗಾಡಿ ನೆಟ್ಟಗೆ ಹೋಗುವಾಗ ಮಹಾ ಸಭ್ಯ. ಹೊರಳಿಸಿದರೆ ಸ್ಟೇರಿಂಗು ಕೈಯಲ್ಲಿ ಹಿಡಿದ ಕೋಳಿಯಂತೆ ಒದ್ದಾಡುತ್ತಿತ್ತು. ಕ್ರಾಸ್ ಬಾಗಿದಾಗ ಒಂದೊಂದು ಸುತ್ತಿನಲ್ಲೂ ಎರಡು ಸಲ ಅವಸರ ಮಾಡುತ್ತದೆ, ಎರಡು ಸಲ ಆಲಸ್ಯ ಮಾಡುತ್ತದೆ. ಮಾಮಾನ ಎರಡೂ ಮಣಿಕಟ್ಟು ಬಾತು ಬದನೆಕಾಯಿಯಾದವು.

ಎಷ್ಟೋ ವರ್ಷ ಶುಕ್ರವಾರ ನಮಾಜು ಮುಗಿಸಿ ಉಸ್ತಾದ್ ಬರುತ್ತಿದ್ದರು. ಇಬ್ಬರೂ ಶೆಡ್ಡಿನಲ್ಲಿ ಕೂತು ಚಹಾ ಕುಡಿಯುತ್ತ ಒಂದು ಕ್ರಾಸನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಂದು ಶುಕ್ರವಾರ ಉಸ್ತಾದ್ ಎರಡು ಕ್ರಾಸುಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ ತಿರುಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ಏಕ್ ಲಂಗಡಾ ಅಕೇಲಾ ಚಲ್ಯಾ ತೋ ಡೋಲ್ತಾ. ದೋ ಲಂಗಡೇ ಹಾತ್ ಪಕಡ್ ಕೋ ಚಲೇ ತೋ ಸೀದಾ ಜಾತೇ.” ಕುಂಟ ಒಬ್ಬನೇ ನಡೆದರೆ ತೂರಾಡುತ್ತಾನೆ, ಇಬ್ಬರು ಕುಂಟರು ಕೈ ಹಿಡಿದು ನಡೆದರೆ ನೆಟ್ಟಗೆ ಹೋಗುತ್ತಾರೆ. ಒಂದು ಅವಸರ ಮಾಡುವ ಹೊತ್ತಿಗೆ ಇನ್ನೊಂದು ಆಲಸ್ಯ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ನಾನು ಗಣಿತದವಳು, ಇದನ್ನು ಮನೆಗೆ ಹೋಗಿ ಕಾಗದದ ಮೇಲೆ ಬಿಡಿಸಿ ನೋಡಿದೆ. ಎರಡು ಪುಟ ಹಿಡಿಯಿತು. ಉಸ್ತಾದರ ಮಾತೇ ಸರಿಯಿತ್ತು.

ಹೊಸ ಕೀಲು ಹಾಕಿದ ಮೇಲೆ ಗಾಡಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೊರಳತೊಡಗಿತು. ಸುದ್ದಿ ಹೇಗೋ ಹಬ್ಬಿ ಹೈದರಾಬಾದಿನಿಂದ ಹಳೇ ಕಾರುಗಳ ಹುಚ್ಚಿನ ಎಂಜಿನಿಯರೊಬ್ಬರು ನೋಡಲು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ಅರ್ಧ ತಾಸು ಮಲಗಿದ್ದರು. ಎದ್ದು ಬಂದಾಗ ಅಂಗಿ ಕರ್ರಗಾಗಿತ್ತು, ಮುಖ ಬೆಳ್ಳಗಾಗಿತ್ತು. ಆ ಕಾಲದ ಪರದೇಶದ ಎಂಜಿನಿಯರುಗಳೂ ಇದೇ ತೊಂದರೆಯಲ್ಲಿ ಸಿಕ್ಕು, ಕೆಲವರು ಇದೇ ಉಪಾಯ ಮಾಡಿದ್ದರಂತೆ. “ಇದನ್ನ ನೀವು ಎಲ್ಲಿ ಓದಿದಿರಿ?” ಎಂದು ಕೇಳಿದರು.

“ಓದಿಲ್ರಿ, ತಿಂದೀನಿ” ಎಂದರು ಮಾಮಾ.

ಅಂದು ನನ್ನ ಎದೆ ಎಷ್ಟು ಉಬ್ಬಿತೆಂದರೆ, ಮುಚ್ಚುಮರೆ ಯಾಕೆ, ಮರುದಿನ ಭಾಲ್ಕಿಯ ಶಾಲೆಯಲ್ಲಿ ಪ್ರಾರ್ಥನೆ ಮುಗಿದೊಡನೆ ಎಲ್ಲ ಮಕ್ಕಳ ಮುಂದೆ ನಿಂತು ಮಾಮಾನ ವಿಷಯ ಹೇಳಿಬಿಟ್ಟೆ. ಸಾಲಿ ಕಲಿತದ್ದು ಏಳನೇ ಇಯತ್ತೆ, ಇಂಗ್ಲಿಷು ಬಾರದು, ಎದುರಿಗೆ ಇದ್ದದ್ದು ಒಂದು ಹರಿದ ಹಾಳೆ ಮತ್ತು ಒಬ್ಬ ಗೆಳೆಯ. ದೊಡ್ಡ ದೊಡ್ಡವರು ಹುಡುಕಿದ್ದನ್ನೇ ನಮ್ಮ ಓಣಿಯಲ್ಲಿ ಕೂತು ಹುಡುಕಿದರು. ಅವರಿಗಿಂತ ತಡವಾಯಿತು, ನಿಜ. ಆದರೆ ಅವರು ಯಾರೂ ಬಚ್ಚಲು ಗೋಡೆ ಕೆಡವಿ ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುತ್ತ ಹುಡುಕಿರಲಿಕ್ಕಿಲ್ಲ.

ಹೆಮ್ಮೆ ಬೇರೆ, ಪೀಡೆ ಬೇರೆ. ನಾನು ಒಂದು ಸಣ್ಣ ಕಾರು ತೆಗೆದುಕೊಂಡಾಗ ಮಾಮಾ ಮೊದಲು ಬಗ್ಗಿ ಕೆಳಗೆ ನೋಡಿದರು. ಈಗಿನ ಸಣ್ಣ ಕಾರುಗಳೆಲ್ಲ ಮುಂದಿನ ಗಾಲಿಯವೇ ಅಲ್ಲವೇ? ಜಗತ್ತೇ ತಮ್ಮ ಮಾತು ಕೇಳಿ ತಿದ್ದಿಕೊಂಡಿತು ಎಂಬಂತೆ ಅವರ ಮುಖ ಅರಳಿತು. ದಸರೆಯ ಪೂಜೆಗೆ ಭಾಲ್ಕಿಗೇ ಬಂದರು. ನಾನು ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟಿದ್ದೆ. ಹಿಂದಿನ ಎರಡನ್ನು ತೆಗೆದು ಜೇಬಿಗೆ ಹಾಕಿಕೊಂಡರು. “ಎಳಿಯೋವು ಮುಂದಿನವು. ಹಿಂದಿನವು ಬೀಗರಿದ್ದಂಗ, ಸುಮ್ಮ ಉಂಡು ಬರ್ತಾವ. ಅವಕ್ಕ ಯಾಕ ಪೂಜಿ?” ಪುರೋಹಿತರು ಬಾಯಿ ತೆರೆದವರು ತೆರೆದೇ ಇದ್ದರು. ಮಾಮಾ ಆ ಎರಡು ನಿಂಬೆಹಣ್ಣಿನ ಶರಬತ್ತು ಮಾಡಿಸಿ ಅವರಿಗೂ ಕೊಟ್ಟರು.

ಇನ್ನು ಆ ಸೀಟಿನ ವಿಷಯ.

ಒಂಬತ್ತು ವರ್ಷದ ಹಿಂದೆ, ನಿವೃತ್ತಿಯಾದ ವರ್ಷವೇ, ಗಾಡಿಗೆ ತಗಡಿನ ಮೈ ಬಂತು, ಕೆಂಪು ಬಣ್ಣ ಬಂತು, ಮಾಮಿ ತಮ್ಮ ಕೈಯಾರೆ ಹೊಲಿದ ಎರಡು ಗಾದಿ ಬಂದವು. ಮೊದಲ ಸವಾರಿ ಎಲ್ಲಿಗೆ? ಮಾಮಿಯ ತವರು ಔರಾದಕ್ಕೆ. ಹೋಗುವಾಗ ಇಳಿಜಾರು. ಇಳಕಲ್ ಸೀರೆ, ಮುಡಿ ತುಂಬ ಹೂವು, ಮಾಮಿ ಕೂತದ್ದು ನೆಲದಿಂದ ಒಂದು ಗೇಣು ಮೇಲೆ! ಔರಾದದಲ್ಲಿ ತಮ್ಮಂದಿರು ಗಾಡಿಗೆ ಆರತಿ ಎತ್ತಿದರು. ‘ನಮ್ಮ ಅಕ್ಕನ ಮನಿಯವರು ಮಾಡ್ಯಾರ’ ಎಂದು ಅವರು ಊರಿಗೆಲ್ಲ ತೋರಿಸುವಾಗ ಮಾಮಿ ಏನೂ ಗೊತ್ತಿಲ್ಲದವರಂತೆ ಹೂವು ಸರಿಮಾಡಿಕೊಳ್ಳುತ್ತಿದ್ದರಂತೆ.

ಬರುವಾಗ ಜನವಾಡ ದಾಟಿದ ಮೇಲೆ ಬೀದರಿನ ಕಡೆ ಏರು. ಏರು ಹತ್ತುವಾಗ ಯಾವ ಗಾಡಿಯ ಭಾರವೂ ಹಿಂದಕ್ಕೆ ಜಾರುತ್ತದೆ. ಮಾಮಾನ ಗಾಡಿಯಲ್ಲಿ ಹಳೇ ರೇಸ್ ಕಾರಿನ ಹಾಗೆ ಎಂಜಿನ್ನು ಮುಂದಿನ ಗಾಲಿಗಿಂತ ಹಿಂದೆ, ಕೂತವರು ಇನ್ನೂ ಹಿಂದೆ. ಎಳೆಯುವ ಗಾಲಿಯ ಮೇಲೆ ಭಾರವೇ ಇಲ್ಲದಾಯಿತು. ತಿರುವಿನಲ್ಲಿ ಮುರುಮಿನ ಕೆಂಪು ಜಲ್ಲಿಮಣ್ಣು ಹರಡಿದ ಕಡೆ ಗಾಲಿ ಗಿರಗಿರ ತಿರುಗಿತೇ ಹೊರತು ಗಾಡಿ ಮೇಲೆ ಹೋಗಲಿಲ್ಲ. ಬೇರೆ ಯಾರಾದರೂ ಇದ್ದಿದ್ದರೆ ಇಳಿದು ದಬ್ಬುತ್ತಿದ್ದರು. ಆದರೆ ಇವರು ದಬ್ಬುವವರೇ? ಗಾಡಿಯ ಮುಖವನ್ನು ಜನವಾಡದ ಕಡೆ ತಿರುಗಿಸಿ, ರಿವರ್ಸ್ ಹಾಕಿ, ಹಿಂದೆ ಹಿಂದೆ ಏರು ಹತ್ತಿಸಿದರು. ಹಿಂದುಮುಂದಾದರೆ ಎಳೆಯುವ ಗಾಲಿ ಕೆಳಗೆ ಬರುತ್ತದೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಗಾಡಿ ಸರಾಗವಾಗಿ ಹತ್ತುತ್ತದೆ. ಎಂಜಿನಿಯರಿಂಗ್ ಪ್ರಕಾರ ನೂರಕ್ಕೆ ನೂರು ಸರಿ!

ಸಂಸಾರದ ಪ್ರಕಾರ? ಅಷ್ಟರಲ್ಲಿ ಔರಾದದ ಬಸ್ಸು ಕೆಳಗಿನಿಂದ ಬಂತು. ಗಂಡನ ಮನೆಗೆ ಬೆನ್ನು ಮಾಡಿ, ತವರಿಗೆ ಮುಖ ಮಾಡಿ, ಇಳಕಲ್ ಸೀರೆಯಲ್ಲಿ ಹಿಂದೆ ಹಿಂದೆ ಹೋಗುತ್ತಿರುವ ಹೆಣ್ಣುಮಗಳನ್ನು ಕಿಟಕಿ ಕಿಟಕಿಯಿಂದ ಮಂದಿ ನೋಡಿದರು. ಒಬ್ಬ ಮುದುಕಿ ಕೇಳಿಯೇ ಬಿಟ್ಟಳು: “ಯಕ್ಕಾ, ತವರಮನಿ ಮ್ಯಾಲಿನ ಆಸಿ ಇನ್ನಾ ತೀರಿಲ್ಲೇನ?” ಇಡೀ ಬಸ್ಸು ನಕ್ಕಿತು. ಮಾಮಿ ಸೆರಗು ಮುಖದ ಮೇಲೆ ಎಳೆದುಕೊಂಡರು. ಮನೆಗೆ ಬಂದು ಇಳಿದವರೇ ಹೇಳಿದರು: “ಇದು ಮುಖಾ ಮುಂದ ಮಾಡಿ ಆ ಏರು ಏರೂತನಾ ನಾ ಇದರಾಗ ಕಾಲಿಡಂಗಿಲ್ರಿ. ಹೇಳೀನಿ.”

ಮಾಮಿ ಹೇಳಿದರೆ ಹೇಳಿದ್ದೇ. ಆ ದಿನದಿಂದ ಮಾಮಾಗೆ ಜಗತ್ತಿನಲ್ಲಿ ಉಳಿದ ಕೆಲಸ ಒಂದೇ: ಜನವಾಡದ ಏರು.

ಮುಂದಿನ ಗಾಲಿಗೆ ಭಾರ ಬೇಕಲ್ಲ, ಮೂಗಿನ ಮೇಲೆ ಜೋಳದ ಚೀಲ ಕಟ್ಟಿದರು. ಚೀಲ ಒಡೆದು ಜನವಾಡದ ಪಾರಿವಾಳಗಳಿಗೆ ಹಬ್ಬವಾಯಿತು. ಒಂದು ದಿನ ಮಾಮಿ ಚಟ್ನಿ ಅರೆಯಲು ಹೋದರೆ ಒರಳುಕಲ್ಲೇ ಇಲ್ಲ! ಅದು ಆಗಲೇ ಗಾಡಿಯ ಮುಂದೆ ಸರಪಳಿಯಲ್ಲಿ ಕೂತು ಏರಿನ ಬುಡ ಮುಟ್ಟಿತ್ತು. ಭಾರವೇನೋ ಬಂತು, ಆದರೆ ಆ ಭಾರಕ್ಕೆ ಸ್ಟೇರಿಂಗು ಹೊರಳಲು ಒಪ್ಪದೆ ಗಾಡಿ ತಿರುವಿನಲ್ಲಿ ನೆಟ್ಟಗೆ ತೊಗರಿಹೊಲಕ್ಕೆ ನಡೆಯಿತು. ಹೊಲದವನು ಓಡಿ ಬಂದು, “ಯಾಕ್ರಿ ಸಾವುಕಾರ, ಗಾಡಿ ಹೊಲದಾಗ ಯಾಕ ತಂದ್ರಿ?” ಎಂದ. “ನಾ ತಂದಿಲ್ಲಪಾ, ಒರಳಕಲ್ಲ ತಂದದ” ಎಂದರು ಮಾಮಾ. ಅವನೂ ಯೋಚಿಸಿ, ಎತ್ತು ತಂದು, ಮುಂದೆ ಕಟ್ಟಿ ಎಳೆಸಿ ಕೊಟ್ಟ. ಎತ್ತು ಮುಂದೆ ಕಟ್ಟಿದ್ದಕ್ಕೆ ಮಾಮಾಗೆ ಅವನ ಮೇಲೆ ಬಹಳ ಗೌರವ ಬಂತು.

ನಾನು ಒಮ್ಮೆ ಬುದ್ಧಿ ಹೇಳಲು ಹೋದೆ. “ಮಾಮಾ, ನನ್ನ ಗಾಡ್ಯಾಗ ಎಂಜಿನ್ ಅಡ್ಡ ಕುಂತದ, ಬರಾಬರ್ ಗಾಲಿ ಮ್ಯಾಲೇ. ಅದಕ್ಕ ಏರ್ತದ. ನೀವೂ ಹಂಗೇ ಅಡ್ಡ ಕೂಡಿಸ್ರಿ.”

“ಕೂಡಿಸಿದ್ರ ಇದು ನಿನ್ನ ಸಾಲಿ ಗಾಡಿ ಆಗ್ತದ, ಯವ್ವಾ. ಇದರ ಮೂಗು ಉದ್ದ ಇರಬೇಕು. ಆ ಪರದೇಶದವ್ರು ಹ್ಯಾಂಗ ಮಾಡಿದ್ರೋ ಹಂಗೇ ಮಾಡಿ, ಅವರಿಗಿ ಆಗಲಾರದ್ದು ನಾ ಮಾಡ್ಬೇಕು.”

ಹಟ ಎಂದರೆ ಹಟ. ಇಬ್ಬರದ್ದೂ. ಒಂದೇ ಮನೆಯಲ್ಲಿ ಒಂದು ಹಟ ಒಲೆಯ ಮುಂದೆ, ಇನ್ನೊಂದು ಶೆಡ್ಡಿನಲ್ಲಿ, ಒಂಬತ್ತು ವರ್ಷ ಸಂಸಾರ ಮಾಡಿದವು. ಆದರೆ ಒಂದು ಮಾತು ಹೇಳಬೇಕು. ಮಾಮಿಯ ಗಾದಿಯ ಮೇಲೆ ಒಂದು ದಿನವೂ ಧೂಳು ಕೂತದ್ದನ್ನು ನಾನು ಕಂಡಿಲ್ಲ. ಮಾಮಾ ಬೆಳಿಗ್ಗೆ ಎದ್ದು ಮೊದಲು ಅದನ್ನು ಝಾಡಿಸಿ ಆಮೇಲೆ ಮುಖ ತೊಳೆಯುತ್ತಿದ್ದರು.

ಕಳೆದ ತಿಂಗಳು ಔರಾದದಲ್ಲಿ ಮಾಮಿಯ ಕಿರಿಯ ತಮ್ಮನ ಹೊಸ ಮನೆಯ ವಾಸ್ತುಶಾಂತಿ. ಅದಕ್ಕೆ ಮುಂಚೆ ಎರಡು ತಿಂಗಳು ಮಾಮಾ, ಉಸ್ತಾದ್ ಇಬ್ಬರೂ ಶೆಡ್ಡು ಬಿಟ್ಟು ಕದಲಲಿಲ್ಲ. ಪೆಟ್ರೋಲ್ ಟ್ಯಾಂಕನ್ನು ಹಿಂದಿನಿಂದ ಕಿತ್ತು ಮುಂದೆ ತಂದರು, ಬ್ಯಾಟರಿಯನ್ನು ಮೂಗಿನೊಳಗೆ ಕೂರಿಸಿದರು, ಸೀಟುಗಳನ್ನು ಒಂದು ಮೊಳ ಮುಂದಕ್ಕೆ ಸರಿಸಿದರು. ಉಸ್ತಾದರ ಕಣ್ಣಿನ ಪೊರೆ ತೆಗೆದು ಆಗಿನ್ನೂ ತಿಂಗಳಾಗಿರಲಿಲ್ಲ, ಬೆರಳಿನಿಂದಲೇ ಮುಟ್ಟಿ ಅಳತೆ ನೋಡುತ್ತಿದ್ದರು. ಮಾಮಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ನನಗ ಎಪ್ಪತ್ತು ಆಗ್ಲಿಕ್ಕ ಬಂತು ನೋಡು. ಕೈಯಾಗ ಕಸುವು ಇರೂತನಾ ಒಮ್ಮಿ ಆಕಿನ್ನ ಬಾಜೂ ಕೂಡಿಸ್ಕೊಂಡು ಹೋಗ್ಬೇಕು. ನನಗ ಬ್ಯಾರೆ ಏನೂ ಬ್ಯಾಡ.” ಮಾಮಾ ಸಿದ್ಧಾಂತವಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಔರಾದಕ್ಕೆ ಮಾಮಿಯೂ ಉಸ್ತಾದರೂ ನನ್ನ ಕಾರಿನಲ್ಲಿ ಬಂದರು, ಮಾಮಾ ತಮ್ಮ ಗಾಡಿಯಲ್ಲಿ ಒಬ್ಬರೇ. ಹೋಳಿಗೆ ಊಟ ಮುಗಿಸಿ ಮಧ್ಯಾಹ್ನ ಹೊರಟು ಏರಿನ ಬುಡಕ್ಕೆ ಬಂದೆವು. ಮಾಮಾ ಇಳಿದು ಗಾಲಿ ಮುಟ್ಟಿ ಹಣೆಗೊತ್ತಿಕೊಂಡು ಮತ್ತೆ ಹತ್ತಿದರು. ನಾವು ಮೂವರೂ ರಸ್ತೆಯ ಪಕ್ಕ ನಿಂತೆವು.

ಕೆಂಪು ಮೂಗು ಎತ್ತಿಕೊಂಡು ಗಾಡಿ ಹೊರಟಿತು. ತಿರುವಿಗೆ ಬಂತು. ಮುರುಮಿನ ಮೇಲೆ ಗಾಲಿ ಒಮ್ಮೆ ಕಿರ್ರೆಂದಿತು, ಆದರೆ ಹಿಡಿಯಿತು! ಒಂಬತ್ತು ವರ್ಷ ದಾಟದ ತಿರುವನ್ನು ದಾಟಿತು. ದೂರದ್ದು ಇನ್ನೂ ಸರಿಯಾಗಿ ಕಾಣದ ಉಸ್ತಾದ್ ನನ್ನ ಮೊಣಕೈ ಬಿಗಿಯಾಗಿ ಹಿಡಿದು, “ಗಯಾ? ಗಯಾ ಕ್ಯಾ, ಬೇಟೀ?” ಹೋಯಿತೇ, ಹೋಯಿತೇ ಮಗಳೇ, ಎನ್ನುತ್ತಿದ್ದರು. ಮಾಮಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಇನ್ನು ಹತ್ತು ಮಾರು ಇರಬೇಕು, ಅಷ್ಟೇ. ಅಲ್ಲಿ ಗಾಲಿ ತಿರುಗಿತು, ಕೆಂಪು ಧೂಳು ಎದ್ದಿತು, ಗಾಡಿ ನಿಂತಿತು. ಕೆಳಗೆ ಬಂದು ಮತ್ತೆ ಹತ್ತಿದರು. ಅದೇ ಜಾಗ. ಮೂರನೇ ಸಲವೂ ಅದೇ ಜಾಗ.

ಮಾಮಾ ಕೆಳಗೆ ಬಂದು ಎಂಜಿನ್ನು ನಿಲ್ಲಿಸಿದರು. ಇಳಿದು ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಟವೆಲ್ಲಿನಿಂದ ಅದರ ಧೂಳು ಒರೆಸತೊಡಗಿದರು. ಯಾವ ಲೆಕ್ಕ ತಪ್ಪಿತು, ಎಲ್ಲಿ ಎಷ್ಟು ಭಾರ ಬೇಕು, ಏನೂ ಹೇಳಲಿಲ್ಲ. ಈ ಹುಚ್ಚು ಮನುಷ್ಯನ ಕಥೆಯನ್ನು ಇಷ್ಟು ವರ್ಷ ನಕ್ಕು ನಕ್ಕು ಎಲ್ಲರಿಗೂ ಹೇಳಿಕೊಂಡು ತಿರುಗಿದವಳು ನಾನೇ.

ಮಾಮಿ ಗಾಡಿಯ ಕಡೆ ನಡೆದರು, ಹಿಂದೆಯೇ ನಾನೂ ಹೋದೆ. ಮಂಡಿನೋವಿನ ಕಾಲು ಎಳೆಯುತ್ತ ಗಾಡಿಯ ಆ ಮಗ್ಗುಲಿಗೆ ಹೋಗಿ, ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಇನ್ನೊಂದು ಕೈ ನನ್ನ ಹೆಗಲ ಮೇಲೆ ಇಟ್ಟು, ಆ ತಗ್ಗು ಸೀಟಿನಲ್ಲಿ ಮೆಲ್ಲಗೆ ಇಳಿದು ಕೂತರು.

ಮಾಮಾ ತಲೆ ಎತ್ತಿ ನೋಡಿದರು. “ಏರಿಲ್ಲ ಇದು” ಎಂದರು.

“ನನಗ ಕಣ್ಣ ಅದಾವ್ರಿ” ಎಂದರು ಮಾಮಿ. “ತಿರುವ್ರಿ ಗಾಡಿ. ಹ್ಯಾಂಗ ಏರ್ತದೋ ಹಂಗೇ ಹೋಗಮ್ರಿ.”

ಮಾಮಾ ಟವೆಲ್ಲು ಹಿಡಿದುಕೊಂಡೇ ಎದ್ದರು. ಆಮೇಲೆ ಅದೇ ಟವೆಲ್ಲಿನಿಂದ ತಮ್ಮ ಮುಖವನ್ನೂ ಒರೆಸಿಕೊಂಡರು, ಕೆಂಪು ಮಣ್ಣು ಮುಖಕ್ಕೆಲ್ಲ ಮೆತ್ತಿತು. ಗಾಡಿ ತಿರುಗಿಸಿದರು. ನಾನು ಉಸ್ತಾದರನ್ನು ಕೂರಿಸಿಕೊಂಡು ಅವರ ಬೆನ್ನು ಹತ್ತಿದೆ. ಬೆನ್ನು ಹತ್ತಿದೆ ಎನ್ನುವುದು ತಪ್ಪು. ಅವರು ಹಿಂದೆ ಹಿಂದೆ ಹೋಗುತ್ತಿದ್ದರು, ನಾನು ಮುಖ ಮುಂದೆ ಮಾಡಿ ಹೋಗುತ್ತಿದ್ದೆ, ಆದ್ದರಿಂದ ಏರು ಪೂರ್ತಿ ಅವರಿಬ್ಬರೂ ನನ್ನ ಗಾಜಿನ ಎದುರಿಗೇ ಇದ್ದರು. ಮಾಮಾ ಕತ್ತು ಹಿಂದಕ್ಕೆ ಹೊರಳಿಸಿ ಮೇಲಿನ ರಸ್ತೆ ನೋಡಿಕೊಂಡೇ ನಡೆಸಬೇಕಿತ್ತು, ಈ ಕಡೆ ನೋಡುವಂತಿರಲಿಲ್ಲ. ಮಾಮಿ ಈ ಕಡೆ ನೋಡುತ್ತ, ಕೈ ಚಾಚಿ ಏನನ್ನೋ ತೋರಿಸುತ್ತ, ಬಿಡದೆ ಮಾತಾಡುತ್ತಿದ್ದರು.

“ಕ್ಯಾ ಬೋಲ್ರೈ ಭಾಬಿ?” ಎಂದು ಉಸ್ತಾದ್ ಕೇಳಿದರು.

ಮಾಮಿ ಏನು ಹೇಳುತ್ತಿದ್ದಾರೆಂದು ನನಗೂ ಕೇಳಿಸುತ್ತಿರಲಿಲ್ಲ. ಸಂಜೆ ಮನೆಗೆ ಹೋದ ಮೇಲೆ ಮಾಮಿಯನ್ನು ಕೇಳಿದಾಗ, “ಏನಿಲ್ಲವ್ವ. ಕೆಳಗ ಜನವಾಡ ಕಾಣ್ಲತ್ತಿತ್ತು, ಹೊಲಾ ಕಾಣ್ಲತ್ತಿದ್ವು, ಬಂದ ದಾರಿ ಎಲ್ಲಾ ಔರಾದಿನ ತನಾ ಕಾಣ್ಲತ್ತಿತ್ತು. ಅವರು ಹಿಂದ ನೋಡಿ ಹೊಡೀಲತ್ತಿದ್ರು, ಅವರಿಗಿ ಕಾಣ್ತಿದ್ದಿಲ್ಲ. ಅದಕ್ಕ ಹೇಳ್ಕೋತ ಹೋದೆ” ಎಂದರು.

ಏರು ಮುಗಿಯಿತು. ಅಲ್ಲಿಂದ ಬೀದರಿನ ತನಕ ರಸ್ತೆ ಸಮ, ಗಾಡಿ ತಿರುಗಿಸಿ ಮುಖ ಮುಂದೆ ಮಾಡಿ ಹೋಗಬಹುದಿತ್ತು. ನಾನು ವೇಗ ಇಳಿಸಿ ಕಾದೆ. ಗಾಡಿ ತಿರುಗಲಿಲ್ಲ. ಹಾಗೇ ಹಿಂದೆ ಹಿಂದೆ, ಎತ್ತಿನ ನಡಿಗೆಯಲ್ಲಿ ಹೋಗುತ್ತಿತ್ತು. ಮಾಮಿ ಇನ್ನೂ ಹೇಳುತ್ತಲೇ ಇದ್ದರು. ನನ್ನ ಹಿಂದೆ ಔರಾದದ ಬಸ್ಸು ಬಂದು ಎರಡು ಸಲ ಹಾರನ್ ಹೊಡೆಯಿತು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ತಡಿ ಎಂದೆ.